ಚುಕ್ಕಿಗೆ ಕೊಟ್ಟ ಪುಡಿ ಮತ್ತು ನಾನು ಮುಗಿಸಿದ ಆರು ವಾರದ ಕೋರ್ಸು

ಒಂಬತ್ತು ವರ್ಷ ನಾನು ಮೂತ್ರಕೋಶದ ಉರಿಯೂತದಿಂದ ನರಳುವ ಬೆಕ್ಕುಗಳಿಗೆ ಗ್ಲುಕೋಸಮೈನ್ ಪುಡಿ ಬರೆದುಕೊಟ್ಟಿದ್ದೇನೆ. ಕೊಟ್ಟ ಬೆಕ್ಕುಗಳು ಸುಧಾರಿಸುತ್ತಿದ್ದವು, ಅದಕ್ಕೇ ಕೊಡುತ್ತಿದ್ದೆ. ಚುಕ್ಕಿ ಎಂಬ ಬೂದು ಬೆಕ್ಕಿನ ಮನೆಯವರಂತೂ ಪುಡಿ ಮುಗಿಯುವ ಮೊದಲೇ ಫೋನ್ ಮಾಡಿ, "ಡಾಕ್ಟ್ರೇ, ಇನ್ನೆರಡು ಡಬ್ಬಿ ತೆಗೆದಿಡಿ" ಅನ್ನುತ್ತಿದ್ದರು. ಕಣ್ಣಾರೆ ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು ಅಂದುಕೊಂಡಿದ್ದೆ.

ಕಳೆದ ತಿಂಗಳು ಸಾಕ್ಷ್ಯಾಧಾರಿತ ಪಶುವೈದ್ಯಕೀಯದ ಆರು ವಾರದ ಆನ್‌ಲೈನ್ ಕೋರ್ಸೊಂದನ್ನು ಮುಗಿಸಿದೆ. ಅದರ ಮೂರನೇ ವಾರದಲ್ಲಿ ಓದಲು ಕೊಟ್ಟ ಪ್ರಬಂಧ 2004ರದ್ದು. ಇದೇ ಕಾಯಿಲೆಯ 40 ಬೆಕ್ಕುಗಳು, ಆರು ತಿಂಗಳು, ಒಂದು ಗುಂಪಿಗೆ ಗ್ಲುಕೋಸಮೈನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಪ್ಲಸೀಬೊ. ಎರಡೂ ಗುಂಪಿನಲ್ಲಿ ಹೆಚ್ಚಿನ ಬೆಕ್ಕುಗಳು ಸುಧಾರಿಸಿದವು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಧ್ಯಯನ ಶುರುವಾದಾಗ ಹಲವು ಮನೆಯವರು ಒಣ ಆಹಾರ ಬಿಟ್ಟು ತೇವದ ಆಹಾರಕ್ಕೆ ಬದಲಾಯಿಸಿದ್ದರು, ಸುಧಾರಣೆಗೆ ಅದೇ ಕಾರಣವಿದ್ದೀತು ಎಂದು ಸಂಶೋಧಕರೇ ಬರೆದಿದ್ದಾರೆ. ಈ ಕಾಯಿಲೆಯ ಒಂದೊಂದು ಕಂತು ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಇಳಿಯುತ್ತದೆ ಎಂಬುದು ನನಗೆ ಕಾಲೇಜಿನಿಂದಲೂ ಗೊತ್ತಿದ್ದ ಮಾತು. ಗೊತ್ತಿದ್ದೂ ಜೋಡಿಸಿ ನೋಡಿರಲಿಲ್ಲ. ಬೆಕ್ಕು ತೀರ ಕಷ್ಟದಲ್ಲಿದ್ದ ದಿನವೇ ನನ್ನ ಹತ್ತಿರ ಬರುತ್ತದೆ. ಆ ದಿನದ ನಂತರ ಏನು ಕೊಟ್ಟರೂ, ಏನೂ ಕೊಡದಿದ್ದರೂ, ಅದು ಸುಧಾರಿಸುವ ಸಂಭವವೇ ಹೆಚ್ಚು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುತ್ತಿತ್ತು, ಒಂಬತ್ತು ವರ್ಷ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಈ ಕೋರ್ಸಿನ ಬಗ್ಗೆ ಬರೆಯಬೇಕೆಂದು ಆಗಲೇ ನಿರ್ಧರಿಸಿದೆ.

ಕೋರ್ಸಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ನೋಡಿದ್ದು ಅವರ ಒಂದೇ ಬ್ಯಾಚನ್ನು, ಮುಂದೆ ಹೇಳುವ ಕೊರತೆಗಳು ಮುಂದಿನ ಬ್ಯಾಚಿಗೆ ಇಲ್ಲದಿರಬಹುದು. ಇದೇ ವಿಷಯದ ಬೇರೆ ಯಾವ ಕೋರ್ಸಿಗೆ ಸೇರುವವರಿಗೂ ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿದರೆ ಸಾಕು.

ಮೊದಲ ವಾರದಿಂದಲೇ ಶುರು ಮಾಡುತ್ತೇನೆ, ನನಗೆ ಅತ್ಯಂತ ಬೇಸರ ತಂದದ್ದು ಅದೇ. ಪರದೆಯ ಮೇಲೆ ಒಂದು ಪಿರಮಿಡ್ ಬಂತು; ಮೇಲೇರಿದಂತೆ ಸಾಕ್ಷ್ಯ ಗಟ್ಟಿ ಎಂದು ಅರ್ಥ. ಬುಡದಲ್ಲಿ ತಜ್ಞರ ಅಭಿಪ್ರಾಯ, ಅದರ ಮೇಲೆ ಒಂದು ಪ್ರಾಣಿಯ ಕಥೆ ಹೇಳುವ ಕೇಸ್ ರಿಪೋರ್ಟ್, ಅಂಥ ಹಲವನ್ನು ಸೇರಿಸಿದ ಕೇಸ್ ಸೀರೀಸ್, ಆಮೇಲೆ ಕೇಸ್-ಕಂಟ್ರೋಲ್, ಕೋಹಾರ್ಟ್ (ಇವೆರಡರ ಅರ್ಥ ಎರಡನೇ ವಾರದ ಪಾಠದಲ್ಲಿ ಹೇಳುತ್ತೇನೆ), ಮೇಲೆ ಪ್ರಾಣಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಚಿಕಿತ್ಸೆಯನ್ನು ಪರೀಕ್ಷಿಸುವ ರ‍್ಯಾಂಡಮೈಸ್ಡ್ ಟ್ರಯಲ್, ತುದಿಯಲ್ಲಿ ಒಂದು ಪ್ರಶ್ನೆಯ ಎಲ್ಲ ಅಧ್ಯಯನಗಳನ್ನು ಹುಡುಕಿ ತೂಗುವ ಸಿಸ್ಟಮ್ಯಾಟಿಕ್ ರಿವ್ಯೂ. ವಾರದ ಕೊನೆಯ ಪರೀಕ್ಷೆಯಲ್ಲಿ ಕೇಳಿದ್ದು ಇವನ್ನು ಕ್ರಮವಾಗಿ ಜೋಡಿಸಿ ಎಂದು. ಎಲ್ಲರಿಗೂ ಪೂರ್ತಿ ಅಂಕ. ಚರ್ಚೆಯಲ್ಲಿ ಒಬ್ಬರು, ಇನ್ನು ಮೇಲೆ ಕೇಸ್ ರಿಪೋರ್ಟ್ ಓದುವುದೇ ದಂಡ ಎಂದು ಬರೆದರು. ಯಾರೂ ತಿದ್ದಲಿಲ್ಲ. ಇದು ಸಣ್ಣ ತಪ್ಪಲ್ಲ. ಪಿರಮಿಡ್ ಉತ್ತರ ಕೊಡುವುದು ಒಂದೇ ಬಗೆಯ ಪ್ರಶ್ನೆಗೆ: ಈ ಚಿಕಿತ್ಸೆ ಕೆಲಸ ಮಾಡುತ್ತದೆಯೇ? ಈ ರೋಗ ಎಷ್ಟು ಪ್ರಾಣಿಗಳಲ್ಲಿದೆ, ಈ ಪರೀಕ್ಷೆಯನ್ನು ಎಷ್ಟು ನಂಬಬಹುದು, ಇದಕ್ಕೆ ಕಾರಣ ಏನಿರಬಹುದು ಎಂದು ಕೇಳಿದರೆ ಅದೇ ಮೆಟ್ಟಿಲುಗಳನ್ನು ಹಿಡಿದು ಕೂರಲಾಗದು. ಎಷ್ಟು ನಾಯಿಗಳಿಗೆ ಹಲ್ಲಿನ ರೋಗವಿದೆ ಎಂದು ತಿಳಿಯಲು ಟ್ರಯಲ್ ಮಾಡುವುದಿಲ್ಲ. ಒಂದು ಹೊತ್ತಿನಲ್ಲಿ ಒಂದು ಗುಂಪನ್ನು ಪರೀಕ್ಷಿಸಿ ಎಣಿಸುವ ಕ್ರಾಸ್-ಸೆಕ್ಷನಲ್ ಅಧ್ಯಯನವೇ ಅದಕ್ಕೆ ಸರಿ.

ರಣಹದ್ದುಗಳ ಕಥೆಯನ್ನು ಮೊದಲ ವಾರವೇ ಹೇಳಿದ್ದರೆ ಕೇಸ್ ರಿಪೋರ್ಟ್ ದಂಡ ಎಂಬ ಮಾತು ಬರುತ್ತಿರಲಿಲ್ಲ ಎಂದು ನನಗನಿಸಿತು. ನಾನೇ ಚರ್ಚೆಯಲ್ಲಿ ಬರೆದು ಹಾಕಿದೆ. ದಕ್ಷಿಣ ಏಷ್ಯಾದಲ್ಲಿ ಹದ್ದುಗಳು ಸಾಲುಸಾಲಾಗಿ ಸಾಯುತ್ತಿದ್ದಾಗ ಮೊದಲು ಸಿಕ್ಕ ಸುಳಿವು ಶವಪರೀಕ್ಷೆಯ ಮೇಜಿನ ಮೇಲೆ: ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಕೆಲಸದಲ್ಲಿ, ಮೂತ್ರಪಿಂಡ ಕೆಟ್ಟು ಸತ್ತ 25 ಹದ್ದುಗಳನ್ನು ಪರೀಕ್ಷಿಸಿದರೆ 25ರಲ್ಲೂ ಡೈಕ್ಲೊಫೆನಾಕ್ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿಗೆ ಹೋಗುತ್ತಿತ್ತು. ಔಷಧಿ ತಿನ್ನಿಸಿ ನೋಡಿದ ಪ್ರಯೋಗವೂ ಅದನ್ನೇ ಹೇಳಿತು. ಭಾರತ 2006ರಲ್ಲಿ ಪಶುಗಳಿಗೆ ಆ ಔಷಧಿಯ ತಯಾರಿಕೆಯನ್ನು ನಿಷೇಧಿಸಿತು. ಶವಪರೀಕ್ಷೆಯ ವರದಿ, ಆಮೇಲೆ ಹೋಲಿಕೆ, ಆಮೇಲೆ ಪ್ರಯೋಗ; ಒಂದು ಇನ್ನೊಂದಕ್ಕೆ ಹೆಗಲು ಕೊಟ್ಟಿದೆ. ಬ್ರಿಟನ್ನಿನಲ್ಲಿ 1986ರಲ್ಲಿ ಹುಚ್ಚು ಹಸು ರೋಗ ಪತ್ತೆಯಾದಾಗಲೂ ಮಾಂಸ-ಮೂಳೆ ಪುಡಿ ಬೆರೆಸಿದ ಮೇವಿನ ಕಡೆ ಬೊಟ್ಟು ಮಾಡಿದ್ದು ರೋಗ ಬಂದ ಹಿಂಡುಗಳನ್ನು ಕೂಲಂಕಷವಾಗಿ ನೋಡಿದ ವೀಕ್ಷಣಾ ಅಧ್ಯಯನ. 1988ರಲ್ಲೇ ಅಂಥ ಮೇವನ್ನು ಮೆಲುಕು ಹಾಕುವ ಪ್ರಾಣಿಗಳಿಗೆ ಕೊಡಬಾರದೆಂದು ನಿಷೇಧ ಬಂತು. ಅಲ್ಲಿ ಟ್ರಯಲ್‌ಗಾಗಿ ಕಾದು ಕೂತಿದ್ದರೆ ಎಷ್ಟು ಹಸುಗಳು ಹೋಗುತ್ತಿದ್ದವೋ.

ನನ್ನ ಬರಹಕ್ಕೆ ಎರಡನೇ ವಾರದ ಮೇಡಂ ಉತ್ತರ ಕೊಟ್ಟರು, ಮಾರನೆಯ ದಿನದ ತರಗತಿಯಲ್ಲೇ. ಅವರ ಎರಡು ತಾಸಿನ ಪಾಠ ಇಡೀ ಕೋರ್ಸಿನ ಜೀವಾಳ.

ಅವರು ಸ್ಲೈಡ್ ಹಾಕಲಿಲ್ಲ. ಖಾಲಿ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಬಾಣ ಎಳೆದರು; ಅದು ಕಾಲ. ಎಡಗಡೆ ಕಾರಣ, ಬಲಗಡೆ ಫಲ. ಆಮೇಲೆ ಎರಡೇ ಪ್ರಶ್ನೆ. ಸಂಶೋಧಕರು ತಾವೇ ಏನಾದರೂ ಮಾಡಿದರೇ, ಅಥವಾ ಆಗುವುದನ್ನು ನೋಡುತ್ತ ಕೂತರೇ? ನೋಡುತ್ತ ಕೂತಿದ್ದರೆ, ಪ್ರಾಣಿಗಳನ್ನು ಆರಿಸಿದ್ದು ಕಾರಣ ನೋಡಿಯೋ, ಫಲ ನೋಡಿಯೋ? ಕಾರಣದ ಕಡೆ ನಿಂತು ಮುಂದಕ್ಕೆ ನೋಡಿದರೆ ಕೋಹಾರ್ಟ್. ಫಲದ ಕಡೆ ನಿಂತು ಹಿಂದಕ್ಕೆ ನೋಡಿದರೆ ಕೇಸ್-ಕಂಟ್ರೋಲ್. ಎರಡನ್ನೂ ಒಂದೇ ಗಳಿಗೆಯಲ್ಲಿ ನೋಡಿದರೆ ಕ್ರಾಸ್-ಸೆಕ್ಷನಲ್. ಕಾಲೇಜಿನಲ್ಲಿ ನಾಲ್ಕು ಪುಟ ಬಾಯಿಪಾಠ ಮಾಡಿ ಪರೀಕ್ಷೆಯ ಮಾರನೇ ದಿನ ಮರೆತಿದ್ದ ವಿಷಯ ಇದು.

ಉದಾಹರಣೆಗೆ ಅವರು ತೆಗೆದುಕೊಂಡದ್ದು ದೊಡ್ಡ ಜಾತಿಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1637 ನಾಯಿಗಳನ್ನು, ಕಾಯಿಲೆ ಬರುವ ಮೊದಲೇ, ಏನು ತಿನ್ನುತ್ತವೆ, ಹೇಗೆ ತಿನ್ನುತ್ತವೆ ಎಂದು ಬರೆದಿಟ್ಟುಕೊಂಡು ಹಿಂಬಾಲಿಸಿದ್ದರು. ಊಟದ ಬಟ್ಟಲನ್ನು ಎತ್ತರದಲ್ಲಿಟ್ಟರೆ ಒಳ್ಳೆಯದು ಎಂದು ಆವರೆಗೆ ಎಲ್ಲರೂ ಹೇಳುತ್ತಿದ್ದರು. ಅಧ್ಯಯನದಲ್ಲಿ ಎತ್ತರದ ಬಟ್ಟಲಿನಲ್ಲಿ ತಿಂದ ನಾಯಿಗಳಲ್ಲೇ ಅಪಾಯ ಹೆಚ್ಚು ಕಂಡಿತು. ಇದು ಕೋಹಾರ್ಟ್. ಇದೇ ಪ್ರಶ್ನೆಯನ್ನು ಕೇಸ್-ಕಂಟ್ರೋಲ್ ಆಗಿ ಕೇಳುವುದಾದರೆ, ಕಾಯಿಲೆ ಬಂದ ನೂರು ನಾಯಿ, ಬಾರದ ನೂರು ನಾಯಿ ಹಿಡಿದು, "ನಿಮ್ಮ ನಾಯಿಯ ಬಟ್ಟಲು ಎಲ್ಲಿರುತ್ತಿತ್ತು?" ಎಂದು ಮನೆಯವರನ್ನು ಕೇಳಬೇಕು. ಬೇಗ ಮುಗಿಯುತ್ತದೆ, ಅಪರೂಪದ ಕಾಯಿಲೆಗಳಿಗೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ನಾಯಿಯನ್ನು ಕಳೆದುಕೊಂಡವರ ನೆನಪು ಬೇರೆ, ನಾಯಿ ಆರೋಗ್ಯವಾಗಿರುವವರ ನೆನಪು ಬೇರೆ. ಜೊತೆಗೆ, ಇಲ್ಲಿ ಕಾಯಿಲೆಯ ಪ್ರಮಾಣ ಲೆಕ್ಕ ಹಾಕಲು ಬರುವುದಿಲ್ಲ. ಕಾಯಿಲೆ ಬಂದವು ನೂರು, ಬಾರದವು ನೂರು ಎಂದು ತೀರ್ಮಾನಿಸಿದ್ದೇ ನಾವು. ಅದಕ್ಕೇ ಅಲ್ಲಿ ಆಡ್ಸ್ ರೇಶಿಯೊ: ಎತ್ತರದ ಬಟ್ಟಲಿನಲ್ಲಿ ತಿಂದವು ಮತ್ತು ತಿನ್ನದವುಗಳ ಅನುಪಾತವನ್ನು ಎರಡೂ ಗುಂಪಿನಲ್ಲಿ ತೆಗೆದು ಹೋಲಿಸುವುದು. ಹದಿನಾಲ್ಕು ವರ್ಷ ವೃತ್ತಿ ಮಾಡಿದ ಮೇಲೆ ಆಡ್ಸ್ ರೇಶಿಯೊ ಏಕೆ ಬೇಕು ಎಂದು ನನಗೆ ಮೊದಲ ಸಲ ಅರ್ಥವಾಯಿತು.

ಅಷ್ಟಕ್ಕೇ ಬಿಡಲಿಲ್ಲ ಅವರು. "ಬಟ್ಟಲನ್ನು ಎತ್ತರಕ್ಕಿಟ್ಟವರು ಯಾರು, ಏಕೆ ಇಟ್ಟರು?" ಎಂದು ಕೇಳಿದರು. ಯೋಚಿಸಿ ನೋಡಿ. ಹೊಟ್ಟೆ ಉಬ್ಬುವ ಭಯ ಇದ್ದವರೇ, ಆ ವಂಶದ ನಾಯಿ ಸಾಕಿದವರೇ ಎತ್ತರಕ್ಕಿಟ್ಟಿರಬಹುದಲ್ಲವೇ? ಹಾಗಿದ್ದರೆ ಅಪಾಯ ಬಟ್ಟಲಿನದೋ, ವಂಶದ್ದೋ? ಕನ್‌ಫೌಂಡಿಂಗ್ (ಬೇರೊಂದು ಕಾರಣ ನಡುವೆ ಬೆರೆತು ದಾರಿ ತಪ್ಪಿಸುವುದು) ಎಂಬ ಪದವನ್ನು ಅವರು ಬರೆದದ್ದು ನಾವೆಲ್ಲ ಈ ಪ್ರಶ್ನೆಯ ಮುಂದೆ ಸುಮ್ಮನಾದ ಮೇಲೆ.

ಮೂರನೇ ವಾರ ಟ್ರಯಲ್‌ಗಳದ್ದು. ಚುಕ್ಕಿಯ ಪುಡಿಯ ವಿಷಯ ಆಗಲೇ ಹೇಳಿದೆ. ಚೀಟಿ ಎತ್ತಿದಂತೆ ಹಂಚುವುದು ಏಕೆ ಎಂಬುದು ಬಟ್ಟಲಿನ ಪ್ರಶ್ನೆಯ ಮರುದಿನವೇ ತಾನಾಗಿ ಹೊಳೆಯುತ್ತದೆ: ನಮಗೆ ಗೊತ್ತಿರುವ ಕಾರಣಗಳನ್ನಷ್ಟೇ ಅಲ್ಲ, ಗೊತ್ತೇ ಇಲ್ಲದ ಕಾರಣಗಳನ್ನೂ ಅದು ಎರಡೂ ಕಡೆ ಹಂಚಿಬಿಡುತ್ತದೆ. ನನ್ನ ಮನಸ್ಸಿಗೆ ನಾಟಿದ್ದು ಬ್ಲೈಂಡಿಂಗ್, ಅಂದರೆ ಯಾವ ಪ್ರಾಣಿಗೆ ಔಷಧಿ, ಯಾವುದಕ್ಕೆ ಪ್ಲಸೀಬೊ ಎಂದು ಮನೆಯವರಿಗೂ ವೈದ್ಯರಿಗೂ ತಿಳಿಯದಂತೆ ಇಡುವುದು. ಪ್ರಾಣಿಗೆ ಪ್ಲಸೀಬೊ ಏನು ಗೊತ್ತು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಪ್ರಾಣಿಗೆ ಗೊತ್ತಿಲ್ಲದಿದ್ದರೂ ಅದರ ನೋವನ್ನು ಅಳೆಯುವ ಮನುಷ್ಯರಿಗೆ ಏನೋ ಚಿಕಿತ್ಸೆ ನಡೆಯುತ್ತಿದೆ ಎಂದು ಗೊತ್ತಿರುತ್ತದೆ. 2012ರ ಒಂದು ಪ್ರಬಂಧ, ಕೀಲುನೋವಿನ ಟ್ರಯಲ್‌ನಲ್ಲಿ ಪ್ಲಸೀಬೊ ಪಡೆದ 58 ನಾಯಿಗಳನ್ನೇ ತೆಗೆದುಕೊಂಡಿತು. ನೆಲದ ಮೇಲೆ ಕಾಲು ಊರುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್‌ನ ಲೆಕ್ಕದ ಪಕ್ಕದಲ್ಲಿ ಮನೆಯವರ ಅಭಿಪ್ರಾಯವನ್ನೂ ವೈದ್ಯರ ಅಭಿಪ್ರಾಯವನ್ನೂ ಇಟ್ಟು ನೋಡಿದರೆ, ಯಂತ್ರ ಸುಧಾರಣೆ ಇಲ್ಲ ಎಂದಲ್ಲೂ ಜನ ಸುಧಾರಿಸಿದೆ ಎಂದಿದ್ದರು. ಮನೆಯವರು ಮಾತ್ರವಲ್ಲ, ವೈದ್ಯರೂ. ಪ್ರೀತಿಯಿಂದ ನೋಡುವ ಕಣ್ಣು ಚೇತರಿಕೆಯನ್ನು ಹುಡುಕುತ್ತದೆ, ಅದು ತಪ್ಪಲ್ಲ. ಔಷಧಿಯನ್ನು ತೂಗುವಾಗ ಆ ಕಣ್ಣೊಂದನ್ನೇ ನಂಬಿದರೆ ನಷ್ಟ ಪ್ರಾಣಿಗೆ.

ಇದೇ ವಾರ ಎಪಿಕ್ ಟ್ರಯಲ್ ಅನ್ನು ಸಾಲು ಸಾಲಾಗಿ ಓದಿದೆವು. 2016ರದ್ದು, 360 ನಾಯಿಗಳು, 11 ದೇಶ. ಮೈಟ್ರಲ್ ಕವಾಟದ ರೋಗದಿಂದ ಹೃದಯ ದೊಡ್ಡದಾಗಿದ್ದು, ಹೊರಗೆ ಇನ್ನೂ ಲಕ್ಷಣ ಕಾಣದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಹೃದಯದ ಔಷಧಿ ಅಥವಾ ಪ್ಲಸೀಬೊ. ಹೃದಯ ವೈಫಲ್ಯ ಅಥವಾ ಹೃದಯದ ಕಾರಣದ ಸಾವಿನವರೆಗಿನ ಮಧ್ಯಾಂಕ ಅವಧಿ ಪ್ಲಸೀಬೊ ಗುಂಪಿನಲ್ಲಿ 766 ದಿನ, ಔಷಧಿ ಗುಂಪಿನಲ್ಲಿ 1228 ದಿನ. ಸುಮಾರು 15 ತಿಂಗಳ ವ್ಯತ್ಯಾಸ. ನಾಯಿಯ ಆಯುಸ್ಸಿನಲ್ಲಿ ಅದು ಎಷ್ಟು ದೊಡ್ಡದು! ಪಾಠ ಮಾಡಿದ ಸರ್ ಈ ಸಂಖ್ಯೆಗಳ ಹತ್ತಿರ ಹೋಗುವ ಮೊದಲು ಅರ್ಧ ಗಂಟೆ ಯಾವ ನಾಯಿಗಳನ್ನು ಸೇರಿಸಿಕೊಂಡಿದ್ದರು ಎಂಬುದರ ಮೇಲೇ ನಿಲ್ಲಿಸಿದರು. ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಿದ ನಾಯಿಗಳೆಲ್ಲ ಅಲ್ಲ. ಎಕ್ಸ್-ರೇಯಲ್ಲೂ ಎಕೋದಲ್ಲೂ (ಹೃದಯದ ಸ್ಕ್ಯಾನ್) ಹೃದಯ ದೊಡ್ಡದಾಗಿದೆ ಎಂದು ಅಳತೆಯಿಂದ ತೋರಿಸಿದ ನಾಯಿಗಳು ಮಾತ್ರ. ಮರ್ಮರ್ ಕೇಳಿದ ಕೂಡಲೇ ಮಾತ್ರೆ ಶುರು ಮಾಡುವ ಅಭ್ಯಾಸಕ್ಕೆ ಈ ಟ್ರಯಲ್ ಬೆಂಬಲವಲ್ಲ. ಔಷಧಿ ತಯಾರಿಸುವ ಕಂಪನಿಯೇ ಹಣ ಹಾಕಿತ್ತು ಎಂಬುದನ್ನೂ ಸರ್ ಮುಚ್ಚಿಡಲಿಲ್ಲ. ಹಾಗಿದ್ದ ಮೇಲೆ ಹಂಚಿಕೆ, ಬ್ಲೈಂಡಿಂಗ್, ಮೊದಲೇ ಘೋಷಿಸಿದ ಅಂತಿಮ ಫಲ, ಇವು ಮೂರನ್ನೂ ಇನ್ನಷ್ಟು ಎಚ್ಚರದಿಂದ ನೋಡಿ ಅಂದರು, ನೋಡಿಸಿದರು ಕೂಡ.

ನಾಲ್ಕನೇ ವಾರವನ್ನು ಯಾರೂ ತಪ್ಪಿಸಿಕೊಳ್ಳಬಾರದು. ಎಂಟು ಪ್ರಬಂಧಗಳ ಶೀರ್ಷಿಕೆ, ಸಾರಾಂಶ, ತೀರ್ಮಾನ ಎಲ್ಲ ತೆಗೆದುಹಾಕಿ ವಿಧಾನದ ಭಾಗವನ್ನು ಮಾತ್ರ ಕೊಟ್ಟರು. ಯಾವ ವಿಧದ ಅಧ್ಯಯನ, ಹೇಳಿ. ನಾನು ಎಂಟರಲ್ಲಿ ನಾಲ್ಕು ತಪ್ಪಿದೆ. ಎರಡು ಪ್ರಬಂಧಗಳಲ್ಲಿ ಲೇಖಕರು ತಮ್ಮದನ್ನು ಕೇಸ್-ಕಂಟ್ರೋಲ್ ಎಂದು ಕರೆದುಕೊಂಡಿದ್ದರು, ಬಾಣ ಎಳೆದು ನೋಡಿದರೆ ಅವು ಕೋಹಾರ್ಟ್. ಹಣೆಪಟ್ಟಿ ನಂಬಬಾರದು, ಕೈಯಾರೆ ಬಾಣ ಎಳೆಯಬೇಕು ಎಂಬ ಪಾಠ ಬೇರೆ ಯಾವ ರೀತಿಯಲ್ಲೂ ಇಷ್ಟು ಚೆನ್ನಾಗಿ ತಲೆಗೆ ಹೋಗುತ್ತಿರಲಿಲ್ಲ.

ಅದೇ ವಾರ ಮಹಡಿಯಿಂದ ಬಿದ್ದ ಬೆಕ್ಕುಗಳ ಕೇಸ್ ಸೀರೀಸ್ ಓದಿದೆವು. 1987ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಬಂದ 132 ಬೆಕ್ಕುಗಳು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಉಳಿದವು. ಸುಮಾರು ಏಳು ಮಹಡಿಯವರೆಗೆ ಎತ್ತರ ಹೆಚ್ಚಿದಂತೆ ಗಾಯ ಹೆಚ್ಚು, ಅದಕ್ಕೂ ಮೇಲಿಂದ ಬಿದ್ದರೆ ಕಡಿಮೆ! ಬೀಳುವ ವೇಗ ಒಂದು ಮಿತಿ ಮುಟ್ಟಿದ ಮೇಲೆ ಬೆಕ್ಕು ಮೈ ಸಡಿಲಿಸುತ್ತದೆ ಎಂಬ ವಿವರಣೆ ನಾನು ವಿದ್ಯಾರ್ಥಿನಿಯಾಗಿದ್ದಾಗಲೇ ಕೇಳಿ ಬೆರಗಾಗಿದ್ದೆ. ಅದು ನಿಜವೂ ಇರಬಹುದು. ಆದರೆ ಇಪ್ಪತ್ತನೇ ಮಹಡಿಯಿಂದ ಬಿದ್ದು ಅಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ತರುತ್ತಾರೆ? ಬಂದವುಗಳ ಲೆಕ್ಕ ಇದೆ, ಬಿದ್ದವುಗಳ ಲೆಕ್ಕ ಇಲ್ಲ. ಅಂದಿನಿಂದ ಯಾವ ಕೇಸ್ ಸೀರೀಸ್ ಕೈಗೆ ಬಂದರೂ ಬಾರದ ಪ್ರಾಣಿಗಳು ಯಾವುವು ಎಂದು ಮೊದಲು ಕೇಳಿಕೊಳ್ಳುತ್ತೇನೆ.

ಐದನೇ ವಾರ ಸಿಸ್ಟಮ್ಯಾಟಿಕ್ ರಿವ್ಯೂ. ಪಾಠ ಸರಿಯಾಗಿತ್ತು, ಹೊಸದೇನೂ ಇರಲಿಲ್ಲ. ಮೂರು ಸಣ್ಣ, ದುರ್ಬಲ ಟ್ರಯಲ್‌ಗಳನ್ನು ಕೂಡಿಸಿದರೆ ಒಂದು ಗಟ್ಟಿ ಉತ್ತರ ಆಗುವುದಿಲ್ಲ ಎಂಬ ಮಾತನ್ನು ಒತ್ತಿ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಕ್ಷೇತ್ರದಲ್ಲಿ ಹೆಚ್ಚಿನ ಟ್ರಯಲ್‌ಗಳು ಸಣ್ಣವೇ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೇಂದ್ರ ರೂಪಿಸಿದ ಜಾಲತಾಣ ಬೆಸ್ಟ್‌ಬೆಟ್ಸ್ ಫಾರ್ ವೆಟ್ಸ್, ಆರ್‌ಸಿವಿಎಸ್ ನಾಲೆಡ್ಜ್ ಎಂಬ ಬ್ರಿಟಿಷ್ ಸಂಸ್ಥೆಯ ವೆಟರ್ನರಿ ಎವಿಡೆನ್ಸ್ ಪತ್ರಿಕೆ, ಇವೆರಡನ್ನೂ ತೋರಿಸಿಕೊಟ್ಟರು. ಎರಡೂ ಎಲ್ಲರಿಗೂ ತೆರೆದಿವೆ. ವೈದ್ಯರ ದಿನನಿತ್ಯದ ಪ್ರಶ್ನೆಯೊಂದನ್ನು ಹಿಡಿದು, ಸಿಕ್ಕ ಪ್ರಬಂಧಗಳನ್ನು ತೂಗಿ, ಒಂದೆರಡು ಪುಟದಲ್ಲಿ ಉತ್ತರ ಹೇಳುವ ಕ್ರಮ ಅವುಗಳದ್ದು. ಕೋರ್ಸಿಗೆ ಸೇರಲು ಆಗದವರು ಇಲ್ಲಿಂದಲೇ ಶುರು ಮಾಡಬಹುದು.

ಈಗ ನನ್ನ ದೊಡ್ಡ ದೂರು. ದನಗಳೆಲ್ಲಿ? ಆರು ವಾರದಲ್ಲಿ ಹಿಂಡಿನ ಬಗ್ಗೆ ಮಾತಾಡಿದ್ದು ನಲವತ್ತು ನಿಮಿಷ. ನನ್ನ ಕೆಲಸದ ಅರ್ಧ ಕೊಟ್ಟಿಗೆಯಲ್ಲಿ. ಅಲ್ಲಿ ಅಧ್ಯಯನ ಓದುವ ಬಗೆಯೇ ಬೇರೆ. ಒಂದು ಕೊಟ್ಟಿಗೆಯ 200 ಹಸುಗಳಿಗೆ ಕೆಚ್ಚಲು ಬಾವಿನ ಒಂದು ಮದ್ದು, ಪಕ್ಕದ ಕೊಟ್ಟಿಗೆಯ 200ಕ್ಕೆ ಇನ್ನೊಂದು ಎಂದರೆ 400 ಹಸುಗಳ ಟ್ರಯಲ್ ಆಯಿತೆಂದು ತೋರುತ್ತದೆ. ಆಗಲಿಲ್ಲ. ಒಂದೇ ನೆಲ, ಒಂದೇ ಮೇವು, ಹಾಲು ಕರೆಯುವ ಅದೇ ಕೈ. ಒಳಗಿನ ಹಸುಗಳು ಒಂದನ್ನೊಂದು ಹೋಲುತ್ತವೆ. ಅಲ್ಲಿರುವುದು ಎರಡು ಕೊಟ್ಟಿಗೆಗಳ ಹೋಲಿಕೆ. ಲೆಕ್ಕದಲ್ಲಿ ಇದನ್ನು ಗಮನಿಸದಿದ್ದರೆ ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ. ಒಂದೇ ಹಸುವಿನ ನಾಲ್ಕು ಮೊಲೆಗಳನ್ನು ನಾಲ್ಕು ಪ್ರಾಣಿಗಳಂತೆ ಎಣಿಸುವುದೂ ಇದೇ ತಪ್ಪು. ಜಾನುವಾರು ಟ್ರಯಲ್‌ಗಳನ್ನು ಹೇಗೆ ವರದಿ ಮಾಡಬೇಕೆಂದು 2010ರಲ್ಲೇ ರಿಫ್ಲೆಕ್ಟ್ ಎಂಬ ಮಾರ್ಗಸೂಚಿ ಬಂದಿದೆ, ಪ್ರಾಣಿಗಳ ವೀಕ್ಷಣಾ ಅಧ್ಯಯನಗಳಿಗೆ 2016ರಲ್ಲಿ ಸ್ಟ್ರೋಬ್-ವೆಟ್ ಬಂತು. ಎರಡರ ಹೆಸರೂ ಒಂದೇ ಸ್ಲೈಡಿನಲ್ಲಿ ಬಂದು ಹೋದವು. ಒಂದು ಹಸುವಿನ ಮೇಲೆ ಸಂಸಾರ ನಿಂತಿರುವವರಿಗೆ ತಪ್ಪು ಮದ್ದು ಹೇಳಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಪಠ್ಯಕ್ರಮ ಮಾಡುವವರು ಮರೆಯಬಾರದು. ಕೊನೆಯ ದಿನದ ಅಭಿಪ್ರಾಯ ಪತ್ರದಲ್ಲಿ ಇದನ್ನೇ ಒಂದೂವರೆ ಪುಟ ಬರೆದೆ.

ಸಣ್ಣ ತೊಂದರೆಗಳೂ ಇದ್ದವು. ವಾರಕ್ಕೆ ಮೂರು ತಾಸು ಸಾಕು ಎಂದಿದ್ದರು, ನನಗೆ ಆರು ಹಿಡಿಯಿತು. ಬರಹದಲ್ಲಿ ಕೇಳಿದ ಪ್ರಶ್ನೆಗೆ ಕೆಲವೊಮ್ಮೆ ಐದು ದಿನದ ಮೇಲೆ ಉತ್ತರ ಬರುತ್ತಿತ್ತು.

ಕೊನೆಯ ವಾರ ನಮ್ಮದೇ ಪ್ರಶ್ನೆ ತೆಗೆದುಕೊಂಡು ಪೀಕೋ ಕ್ರಮದಲ್ಲಿ ಬರೆಯಬೇಕು: ಯಾವ ಪ್ರಾಣಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ. ನಾನು ಬರೆದದ್ದು ಚುಕ್ಕಿಯದನ್ನೇ. ಆಮೇಲೆ ಚುಕ್ಕಿಯ ಮನೆಯವರು ಬಂದಾಗ ಎಲ್ಲವನ್ನೂ ಹೇಳಿದೆ, ಬಾಣದ ಚಿತ್ರವನ್ನೂ ಬರೆದು ತೋರಿಸಿದೆ. "ಅಮ್ಮಾ, ಇಷ್ಟು ವರ್ಷ ನಾನು ಹೇಳಿದ್ದಕ್ಕೆ ಆಧಾರ ಇರಲಿಲ್ಲ. ಪುಡಿ ಬಿಡೋಣ. ತೇವದ ಊಟ ಬಿಡಬೇಡಿ, ನೀರಿನ ಬಟ್ಟಲು ಇನ್ನೊಂದೆರಡು ಇಡಿ, ಅದು ಅವಿತು ಕೂರೋ ಜಾಗಕ್ಕೆ ಯಾರೂ ಕೈ ಹಾಕದ ಹಾಗೆ ನೋಡ್ಕೊಳ್ಳಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದು ತಾನಾಗೇ ವಾಸಿ ಆಗ್ತಿತ್ತಾ ಡಾಕ್ಟ್ರೇ?" ಎಂದರು. "ಬಹುಶಃ ಹೌದು" ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಮೂತ್ರ ಕಟ್ಟಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಕರೆತರಬೇಕು ಎಂಬುದನ್ನು ಎರಡು ಸಲ ಹೇಳಿ ಕಳಿಸಿದೆ.

ಹೊಸದಾಗಿ ವೃತ್ತಿಗೆ ಬಂದವರಿಗಿಂತ ಐದಾರು ವರ್ಷ ಕೆಲಸ ಮಾಡಿದವರಿಗೆ ಈ ಕೋರ್ಸು ಹೆಚ್ಚು ಕೊಡುತ್ತದೆ. ತಮ್ಮದೇ ಚುಕ್ಕಿಗಳು ಅವರಿಗೆ ನೆನಪಾಗುತ್ತವೆ. ಸೇರುವ ಮೊದಲು, ನೀವು ಪ್ರತಿವಾರ ಬರೆದುಕೊಡುವ ಒಂದು ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ವಾರದ ಪಿರಮಿಡ್ ನೋಡಿ ಬಿಟ್ಟುಹೋಗಬೇಡಿ. ದನಗಳನ್ನೇ ನೋಡುವವರು ಮಾತ್ರ, ಹಿಂಡಿನ ಅಧ್ಯಯನಕ್ಕೆ ಎಷ್ಟು ತಾಸು ಇಟ್ಟಿದ್ದಾರೆ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆದ ಮೇಲೆ ಸೇರಿ.